ಗಿರಣಿ ಕಟ್ಟೋಕೆ ಕೋರ್ಟಿನ ಅಪ್ಪಣೆ
ರಾತ್ರಿ ನಿದ್ದೆ ಬರದೆ ಸುಮ್ನೆ ಇಂಗ್ಲಿಷರ ಪ್ಲಿಮತ್ ವಸಾಹತಿನ ಬಗ್ಗೆ ಓದುತ್ತಿದ್ದೆ. ಈಗಿನ ಅಮೆರಿಕದ ಮ್ಯಾಸಚೂಸೆಟ್ಸ್. ಮೊದಮೊದಲು ಅಲ್ಲಿ ಮೆಕ್ಕೆಜೋಳವನ್ನು ಕೈಯಲ್ಲೇ ಕುಟ್ಟಬೇಕಿತ್ತು. 1636ರಲ್ಲಿ ಜಾನ್ ಜೆನ್ನಿ ಎಂಬುವನಿಗೆ ಟೌನ್ ಬ್ರೂಕ್ ಹಳ್ಳದಲ್ಲಿ ಹಿಟ್ಟಿನ ಗಿರಣಿ ಕಟ್ಟಲು ಕೋರ್ಟ್ ಒಪ್ಪಿಗೆ ಕೊಟ್ಟಿತು.

ಮಜಾ ಇರೋದು ಷರತ್ತಿನಲ್ಲಿ. ಮೊದಲ ಎರಡು ವರ್ಷ ಬೀಸಿದ್ದರಲ್ಲಿ 16ನೇ ಒಂದು ಪಾಲು ಅವನಿಗೆ. ಆಮೇಲೆ ಅದರ ಅರ್ಧ. ಆದರೆ ಅವನೇ ಹೋಗಿ ಧಾನ್ಯ ತಂದು ಬೀಸಿದರೆ ಹಳೇ ರೇಟೇ. ಆಗಲೇ ಪಿಕಪ್ ಚಾರ್ಜ್ ಇತ್ತು ನೋಡಿ!

ಲೈಸೆನ್ಸ್ ಅಂದರೆ ಬರೀ ಕಿರಿಕಿರಿ ಅಂತ ಬೈಯೋನು ನಾನು. ಆದರೆ ಊರಿಗೆಲ್ಲ ಇರೋದು ಒಂದೇ ಗಿರಣಿ ಅಂದಮೇಲೆ ರೇಟನ್ನು ಮೊದಲೇ ಕಟ್ಟಿಹಾಕಿದ್ದು ಸರಿ ಅಲ್ವಾ? ಹಳ್ಳವೇನೋ ಅಲ್ಲಿನ ಮೂಲನಿವಾಸಿಗಳಾದ ಪಟುಕ್ಸೆಟ್ ಜನರ ಊರಿನದ್ದು. ಇಂಗ್ಲಿಷರು ಬರುವ ಮೊದಲೇ ಸಾಂಕ್ರಾಮಿಕ ರೋಗ ಆ ಊರನ್ನು ಬರಿದು ಮಾಡಿತ್ತು. ಕೋರ್ಟಿನ ಕಾಗದದಲ್ಲಿ ಆ ಲೆಕ್ಕ ಎಲ್ಲಿಂದ ಬರಬೇಕು.

1638ರಲ್ಲಿ ಜೆನ್ನಿ ಮೇಲೆ ದೂರು ಬಂತು. ಚೆನ್ನಾಗಿ ಬೀಸಲ್ಲ, ಹೊತ್ತಿಗೆ ಸರಿಯಾಗಿ ಕೊಡಲ್ಲ ಅಂತ. 1644ರಲ್ಲಿ ಅವನು ತೀರಿಕೊಂಡ ಮೇಲೆ ಗಿರಣಿ ನೋಡಿಕೊಂಡವಳು ಹೆಂಡತಿ ಸಾರಾ.