ಐಸ್ ಹಾಕಿಗೆ ಸ್ಕೋಪ್ ಐತೇನ್ರಿ?

ದಾವಣಗೆರೆಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ನಮ್ ಹುಡುಗ ಚಲೋ ಓಡಸ್ತಾನ್ರಿ ಸರ್. ಮೊಬೈಲ್‌ನಾಗೆ ಬರೀ ಐಸ್ ಹಾಕಿ ನೋಡ್ತಾನೆ. ಅದ್ರಾಗೆ ಸ್ಕೋಪ್ ಐತೇನ್ರಿ? ಎಷ್ಟು ದುಡ್ಡು ಬರ್ತತಿ?" ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದೇ ಇಡುತ್ತೇನೆ.

ದುಡ್ಡಿನದ್ದು ಮೊದಲು ಮುಗಿಸೋಣ. ಈ ಆಟದ ದೊಡ್ಡ ಲೀಗ್ ಅಮೆರಿಕ-ಕೆನಡಾದ ಎನ್‌ಎಚ್‌ಎಲ್. 2025-26ರಲ್ಲಿ ಅಲ್ಲಿನ ಕನಿಷ್ಠ ವೇತನವೇ 7,75,000 ಡಾಲರ್, ಅಂದರೆ ಆರೂವರೆ ಕೋಟಿ ರೂಪಾಯಿಗೂ ಮೇಲೆ. ಇಷ್ಟು ಕೇಳಿದವರಿಗೆ ಮುಂದಿನದು ಕಿವಿಗೇ ಬೀಳುವುದಿಲ್ಲ. ತಂಡಗಳು 32, ತಂಡಕ್ಕೆ ಹೆಚ್ಚೆಂದರೆ 23 ಜನ. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ 224 ಹುಡುಗರನ್ನು ಆರಿಸುತ್ತಾರೆ. ಅವರಲ್ಲೂ ಬಹಳ ಮಂದಿಗೆ ಎನ್‌ಎಚ್‌ಎಲ್‌ನ ಒಂದು ಪಂದ್ಯವೂ ಸಿಗುವುದಿಲ್ಲ. ಹೊಸಬರ ಒಪ್ಪಂದ ಸಾಮಾನ್ಯವಾಗಿ ಟೂ-ವೇ: ಮೇಲಿನ ತಂಡದಲ್ಲಿದ್ದಷ್ಟು ದಿನ ಒಂದು ಸಂಬಳ, ಕೆಳಗಿನ ಲೀಗ್ ಎಎಚ್‌ಎಲ್‌ಗೆ ಇಳಿಸಿದರೆ ಅದರ ಸಣ್ಣ ಪಾಲು. ಅದಕ್ಕೂ ಕೆಳಗಿನ ಇಸಿಎಚ್‌ಎಲ್‌ನಲ್ಲಿ ವಾರದ ಪಗಾರ, ಋತು ಮುಗಿದರೆ ಅದೂ ಬಂದ್.

ಭಾರತೀಯ ಮೂಲದವರು ಅಲ್ಲಿ ಆಡಿದ್ದಾರಲ್ಲ ಅನ್ನುತ್ತೀರಿ. ಹೌದು, 1989ರಲ್ಲಿ ರಾಬಿನ್ ಬಾವಾ, ಆಮೇಲೆ ಜುಝಾರ್ ಖೈರಾ. ಇಬ್ಬರೂ ಕೆನಡಾದಲ್ಲೇ ಹುಟ್ಟಿ ಬೆಳೆದವರು. ಅಲ್ಲಿ ನಾಲ್ಕೈದು ವರ್ಷಕ್ಕೇ ಮಕ್ಕಳು ಮಂಜುಗಡ್ಡೆಯ ಮೇಲಿರುತ್ತಾರೆ. ಹದಿನಾರಕ್ಕೆ ಜೂನಿಯರ್ ಲೀಗ್ ಸೇರಿದರೆ ಎಷ್ಟೋ ಹುಡುಗರು ಬೇರೆ ಊರಲ್ಲಿ, ಬೇರೆಯವರ ಮನೆಯಲ್ಲಿದ್ದು ಆಡಬೇಕು. ನಮ್ಮ ದೇಶದಲ್ಲಿ ಈ ಆಟ ಆಡಿಯೇ ಸಂಸಾರ ಸಾಗಿಸುವಂಥ ಲೀಗ್ ಇಲ್ಲ. ಲಡಾಖ್‌ನಲ್ಲಿ ಸೇನೆ, ಐಟಿಬಿಪಿ (ಗಡಿ ಪೊಲೀಸ್ ಪಡೆ) ತಂಡಗಳಿವೆ, ಸಂಬಳ ಯೋಧನ ಕೆಲಸಕ್ಕೆ. 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಬಹುಪಾಲು ಲಡಾಖಿನವರೇ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುವ ಊರಿನ ಹೆಣ್ಣುಮಕ್ಕಳು ಅವರು. ನಮ್ಮೂರ ಕುಂದುವಾಡ ಕೆರೆ ಹೆಪ್ಪುಗಟ್ಟುವುದಿಲ್ಲ.

ಹಾಗಂತ ಹುಡುಗನ ಸ್ಕೇಟ್ಸ್ ಅಟ್ಟಕ್ಕೆ ಹಾಕಬೇಡಿ. ಸಂಬಳದ ಬದಲು "ನಮ್ ಹುಡುಗ ಜೋರಾಗಿ ಓಡ್ತಾ ಎಡಕ್ಕೂ ಬಲಕ್ಕೂ ತಿರುಗಿ ಗಕ್ಕನೆ ನಿಲ್ತಾನೇನ್ರಿ?" ಅಂತ ಕೇಳಿ, ಕೂತು ಹೇಳುತ್ತೇನೆ.

ಐಸ್ ಸ್ಕೇಟ್‌ನ ಬ್ಲೇಡ್ ಸುಮಾರು 3 ಮಿಲಿಮೀಟರ್ ದಪ್ಪ. ಅದರ ತಳದಲ್ಲಿ ಉದ್ದಕ್ಕೂ ಸಣ್ಣ ಕೊರಕಲು ಬರುವಂತೆ ಸಾಣೆ ಹಿಡಿದಿರುತ್ತಾರೆ, ಹಾಗಾಗಿ ಒಂದು ಬ್ಲೇಡಿಗೆ ಎರಡು ಅಂಚು. ಪಾದಗಳನ್ನು ಗಕ್ಕನೆ ಅಡ್ಡ ತಿರುಗಿಸಿ, ಮಂಡಿ ಬಗ್ಗಿಸಿ ಒತ್ತಿದರೆ ಅಂಚು ಮಂಜನ್ನು ಕೆರೆದು ನಿಲ್ಲಿಸುತ್ತದೆ. ನಮ್ಮ ಸಿಮೆಂಟ್ ರಿಂಕಿನಲ್ಲಿ ಇನ್‌ಲೈನ್ (ಒಂದೇ ಸಾಲಿನ) ಚಕ್ರ ಹಾಕಿಕೊಂಡು ಹೀಗೇ ಮಾಡಿದರೆ ಚಕ್ರ ಹಿಡಿದುಕೊಳ್ಳುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮುಖ ನೆಲಕ್ಕೆ. ಧೂಳಿದ್ದರೆ ಉಲ್ಟಾ, ಹಿಡಿತವೇ ಸಿಗದೆ ಜಾರುತ್ತದೆ. ಅದಕ್ಕೇ ಚಕ್ರದಲ್ಲಿ ಪಳಗಿದ ಮಕ್ಕಳು ಮಂಜಿಗೆ ಹೋದಾಗ ಓಡುತ್ತಾರೆ, ನಿಲ್ಲಲು ಬರುವುದಿಲ್ಲ. ಇಲ್ಲಿಂದಲೇ ತಯಾರಿ ಮಾಡಬಹುದು: ಮೊದಲು ನಿಧಾನದ ವೇಗದಲ್ಲಿ, ಒಂದೇ ಕಾಲಿನ ಮೇಲೆ ಅರ್ಧಚಂದ್ರ ತಿರುಗುವುದು, ಒಳ ಅಂಚು, ಹೊರ ಅಂಚು, ಎಡಕ್ಕೂ ಬಲಕ್ಕೂ. ಮಕ್ಕಳು ತಮಗೆ ಸಲೀಸಾದ ಕಡೆಗೇ ತಿರುಗುತ್ತಾರೆ, ಇನ್ನೊಂದು ಕಡೆಯನ್ನು ಹಟ ಹಿಡಿದು ಮಾಡಿಸಬೇಕು.

ಹೊರಗಿನ ಸಿಮೆಂಟಿಗೆ 82ಎ-85ಎ ಗಡಸಿನ ಚಕ್ರ ತನ್ನಿ (ಅಂಕಿ ಹೆಚ್ಚಿದಷ್ಟೂ ಚಕ್ರ ಗಟ್ಟಿ). ಒಳಾಂಗಣಕ್ಕೆಂದು ಮಾಡಿದ 76ಎ ಚಕ್ರ ಇಲ್ಲಿ ಬೇಗ ಸವೆಯುತ್ತದೆ. ಸ್ಟಿಕ್ ಸ್ಕೇಟ್ಸ್ ಹಾಕಿ ನಿಂತಾಗ ಗದ್ದದವರೆಗೆ ಬರಲಿ. ಮೈದಾನದ ಹಾಕಿ ಸ್ಟಿಕ್ ಬೇಡ, ಅದರ ಒಂದೇ ಮುಖದಲ್ಲಿ ಆಡಬೇಕು. ಹೆಲ್ಮೆಟ್‌ಗೆ ಮುಖದ ಜಾಲರಿ ಇರಲೇಬೇಕು. ಚೆಂಡಿನ ಬದಲು ಇಲ್ಲಿ ಹೊಡೆಯುವ ಪಕ್ ಅಂದರೆ 170 ಗ್ರಾಂವರೆಗೆ ತೂಗುವ ಗಟ್ಟಿ ರಬ್ಬರು, ಹಲ್ಲಿಗೆ ಬಿದ್ದರೆ ಹಲ್ಲು ಹೋಯಿತು.

ಇನ್ನೊಂದು: ಸುತ್ತು ಎಣಿಸಿ ಓಡಿಸಬೇಡಿ. ಈ ಆಟದಲ್ಲಿ ಆಟಗಾರ 45 ಸೆಕೆಂಡಿನಷ್ಟು ಹೊತ್ತು ಪ್ರಾಣ ಬಿಟ್ಟು ಆಡಿ ಬೆಂಚಿಗೆ ಬರುತ್ತಾನೆ. 40 ಸೆಕೆಂಡು ಪೂರ್ತಿ ಜೋರು, ಎರಡು ನಿಮಿಷ ವಿಶ್ರಾಂತಿ, ಆರೇಳು ಸಲ. ಕೊನೆಯ ಸಲವೂ ಮಂಡಿ ಬಗ್ಗಿಯೇ ಇದೆಯಾ ನೋಡಿ. ನೆಟ್ಟಗಾಗಿದ್ದರೆ ಅವತ್ತಿಗೆ ನಿಲ್ಲಿಸಿ ಮನೆಗೆ ಕರೆದುಕೊಂಡು ಹೋಗಿ.