ಪೇಜ್‌ಮೇಕರ್ ಸಿಡಿಯಿಂದ ಯೂನಿಕೋಡ್ ಪುಸ್ತಕಕ್ಕೆ: ಇದುವರೆಗಿನ ಕೆಲಸ

ನಮ್ಮ ತಾಲ್ಲೂಕಿನ ಕೆರೆಗಳ ಕುರಿತು ನಿವೃತ್ತ ಮೇಷ್ಟ್ರೊಬ್ಬರು ಬರೆದು, 2003ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ ಪುಸ್ತಕವೊಂದನ್ನು ಮರುಮುದ್ರಿಸುವ ಕೆಲಸವನ್ನು ನಾವು ನಾಲ್ವರು ಕೈಗೆತ್ತಿಕೊಂಡಿದ್ದೇವೆ. ಪುಸ್ತಕದ ಪ್ರತಿಗಳು ಈಗ ಸಿಗುವುದಿಲ್ಲ. ಮೇಷ್ಟ್ರ ಮನೆಯವರು ಅನುಮತಿಯ ಜೊತೆಗೆ ಒಂದು ಸಿಡಿಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7ರ ಕಡತಗಳಿವೆ. ಪಠ್ಯವೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ; ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರಸಂಕೇತಕ್ಕೆ, ತರಬೇಕು. ನಮ್ಮ ಪೈಕಿ ಒಬ್ಬರು ತಾಲ್ಲೂಕು ಕೇಂದ್ರದಲ್ಲಿ ಬಹುಕಾಲದಿಂದ ಡಿಟಿಪಿ ಅಂಗಡಿ ನಡೆಸುತ್ತಿರುವ ಹಿರಿಯರು, ಒಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತರುಣ, ಇನ್ನೊಬ್ಬರು ಮ್ಯಾಕ್‌ನಲ್ಲಿ ಇನ್‌ಡಿಸೈನ್ ಬಳಸುವ ಪುಟವಿನ್ಯಾಸಕಿ. ಕರಡು ತಿದ್ದುವುದೂ ಈ ದಾಖಲೆ ಬರೆದಿಡುವುದೂ ನನ್ನ ಪಾಲಿನ ಕೆಲಸ. ಯಾವ ಯಂತ್ರ, ಯಾವ ತಂತ್ರಾಂಶ ಎಂಬ ಬಗ್ಗೆ ನಾಲ್ವರಿಗೂ ನಾಲ್ಕು ಅಭಿಪ್ರಾಯಗಳಿದ್ದುದರಿಂದ, ಕೆಲಸ ಸಾಗಿದಷ್ಟೇ ವಾದವೂ ಸಾಗಿದೆ.

ಜೂನ್: ಕಡತಗಳನ್ನು ತೆರೆದದ್ದು

ಪೇಜ್‌ಮೇಕರನ್ನು ಆಲ್ಡಸ್ ಕಂಪನಿ 1985ರಲ್ಲಿ ಮೊದಲು ಮ್ಯಾಕಿಂಟಾಷ್‌ಗಾಗಿ ಹೊರತಂದಿತು. 1994ರಲ್ಲಿ ಅಡೋಬಿ ಆಲ್ಡಸ್ಸನ್ನು ಕೊಂಡಿತು, 2001ರಲ್ಲಿ ಏಳನೆಯ ಆವೃತ್ತಿ ಬಂತು, 2004ರ ಹೊತ್ತಿಗೆ ಅದರ ಬೆಳವಣಿಗೆ ನಿಂತಿತು. ಆದರೂ ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಅದು ನಿಲ್ಲಲಿಲ್ಲ. ಲಗ್ನಪತ್ರಿಕೆಯಿಂದ ಸಹಕಾರ ಸಂಘದ ವಾರ್ಷಿಕ ವರದಿಯವರೆಗೆ ಎಲ್ಲವೂ ಅದರಲ್ಲಿಯೇ ಆಗುತ್ತಿತ್ತು. ಹಿರಿಯರ ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಕೋರ್ 2 ಡ್ಯುಯೋ ಯಂತ್ರವೊಂದು ಇದೇ ಕಾರಣಕ್ಕೆ ಉಳಿದುಕೊಂಡಿದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್‌ನಲ್ಲಿ ಮುಗಿದಿದ್ದು, ಅಂದಿನಿಂದ ಅವರು ಆ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕ ಕೊಟ್ಟಿಲ್ಲ. ಇದು ವಿವೇಕದ ಕ್ರಮವೆಂದು ತರುಣನೂ ಒಪ್ಪಿದ.

ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ 2015ರಿಂದ ಪೇಜ್‌ಮೇಕರ್ ಕಡತ ತೆರೆಯುವ ಸೌಲಭ್ಯವಿದೆ ಎಂದು ಅವನು ಮೊದಲು ಆ ದಾರಿಯನ್ನು ನೋಡಿದ. ಅದು ಪುಟಗಳನ್ನು ಡ್ರಾ ದಾಖಲೆಯಾಗಿ, ಅಂದರೆ ಚಿತ್ರದಂತೆ, ತೆರೆಯುವುದರಿಂದ ಅಧ್ಯಾಯದ ಪಠ್ಯ ಒಂದೇ ಧಾರೆಯಾಗಿ ಬರದೆ ಚೌಕಗಳಾಗಿ ತುಂಡಾಗುತ್ತಿತ್ತು. ಕೊನೆಗೆ ಹಿರಿಯರ ಯಂತ್ರದಲ್ಲಿಯೇ ಒಂದೊಂದು ಅಧ್ಯಾಯವನ್ನೂ ಆರ್‌ಟಿಎಫ್ (ಫಾಂಟಿನ ಮಾಹಿತಿಯನ್ನೂ ಉಳಿಸಿಕೊಳ್ಳುವ ಪಠ್ಯಕಡತ) ಆಗಿ ಹೊರತೆಗೆದೆವು. ಬರಿಯ ಪಠ್ಯವಾಗಿ ತೆಗೆಯುವುದು ಸುಲಭವಿತ್ತು, ಆದರೆ ಅದರಲ್ಲಿ ಫಾಂಟಿನ ಮಾಹಿತಿ ಅಳಿಸಿಹೋಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕುಳಿತಿರುತ್ತವೆ; ಹೀಗಾಗಿ ಫಾಂಟ್ ಯಾವುದೆಂದು ತಿಳಿಯದಿದ್ದರೆ, ಪುಸ್ತಕದಲ್ಲಿ ನಡುನಡುವೆ ಬರುವ ಇಂಗ್ಲಿಷ್ ಗೆಜೆಟಿಯರಿನ ಉದ್ಧೃತಗಳೂ ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ.

ಜುಲೈ: ಪರಿವರ್ತನೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡಿದ ಭಾಗ ಇದು. ಹಳೆಯ ಫಾಂಟುಗಳು ಶೇಖರಿಸಿಡುವುದು ಅಕ್ಷರಗಳನ್ನಲ್ಲ, ಅಕ್ಷರಗಳ ತುಂಡುಗಳನ್ನು. ‘ವ’ ಎಂಬುದು ಅಲ್ಲಿ ಒಂದು ಮೂಲ ಆಕಾರ ಮತ್ತು ತಲೆಕಟ್ಟು. ಅದಕ್ಕೇ ಒಂದು ಕೊಂಬನ್ನು ಸೇರಿಸಿದರೆ ‘ಮ’ ಆಗುತ್ತದೆ. ‘ವು’ ಆಗಬೇಕಾದರೆ ಬೇರೊಂದು ಸಂಕೇತದಲ್ಲಿರುವ ಇನ್ನೊಂದು ಕೊಂಬನ್ನು ಬಳಸಬೇಕು. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಬಂದಿರುತ್ತದೆ. ‘ಕರ್ನಾಟಕ’ ಎಂಬಲ್ಲಿ ಮೊದಲು ‘ನಾ’, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮವೇ ಕ್ರಮವಾದ್ದರಿಂದ ರಕಾರವನ್ನೂ ವಿರಾಮವನ್ನೂ (ಅರ್ಧಾಕ್ಷರದ ‘್’ ಚಿಹ್ನೆ) ‘ನಾ’ಗಿಂತ ಮುಂದಕ್ಕೆ ತರಬೇಕು. ಸಂಚಯದ ಅಂತರಜಾಲ ತಾಣದಲ್ಲಿರುವ ಪರಿವರ್ತಕವೂ ಸೇರಿದಂತೆ ಈಗ ಸಿಗುವ ಪರಿವರ್ತಕಗಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ತರುಣನು ಆರ್‌ಟಿಎಫನ್ನು ಲಿಬ್ರೆಆಫೀಸಿನಲ್ಲಿ ಅದರದೇ ಕಡತ ರೂಪವಾದ ಓಡಿಟಿ ಮಾಡಿಕೊಂಡು, ನುಡಿ ಫಾಂಟ್ ಇರುವ ತುಣುಕುಗಳನ್ನು ಮಾತ್ರ ಪರಿವರ್ತಿಸುವ ಸಣ್ಣ ಪೈಥಾನ್ ಪ್ರೋಗ್ರಾಮನ್ನು ಬರೆದ. ಇಂಗ್ಲಿಷ್ ಭಾಗಗಳು ಹೀಗೆ ಉಳಿದುಕೊಂಡವು.

ಯಂತ್ರಕ್ಕೆ ಆಗದೆ ಉಳಿದದ್ದು ಎರಡು ಬಗೆಯ ತೊಡಕು. ಮೊದಲನೆಯದು ಸೊನ್ನೆ. ಅನುಸ್ವಾರ ಇರಬೇಕಾದ ಕೆಲವು ಕಡೆ ಕನ್ನಡದ ‘೦’ ಅಂಕಿ ಕುಳಿತಿತ್ತು. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದಿದ್ದರೂ ಹುಡುಕಾಟದಲ್ಲಿ ಅಂಥ ಪದ ಸಿಕ್ಕುವುದೇ ಇಲ್ಲ. ಅಕ್ಷರದ ಬೆನ್ನಿಗೇ ಒಂಟಿ ಸೊನ್ನೆ ಬಂದಿರುವ ಜಾಗಗಳನ್ನೆಲ್ಲ ಪಟ್ಟಿ ಮಾಡಿಸಿ ತಿದ್ದಿದೆವು.

ಎರಡನೆಯದು ಶಾಸನಪಾಠಗಳಲ್ಲಿತ್ತು. ಮೇಷ್ಟ್ರು ಕೆರೆಗಳ ಏರಿ, ತೂಬು, ಕೋಡಿಗಳ ಬಳಿಯ ಕಲ್ಲುಗಳ ಪಾಠವನ್ನು ಪುಸ್ತಕದ ಉದ್ದಕ್ಕೂ ಕೊಟ್ಟಿದ್ದಾರೆ. ಹಳಗನ್ನಡದಲ್ಲಿ ‘ಕೆಱೆ’ ಎಂದು ಶಕಟರೇಫ ಇರಬೇಕು. ಅಂದು ಬಳಸಿದ ಫಾಂಟಿನಲ್ಲಿ ಅದನ್ನು ಟೈಪಿಸುವ ಅನುಕೂಲ ಸಿಗಲಿಲ್ಲವೋ ಏನೋ, ‘ಱೆ’ಯನ್ನು ಸಣ್ಣ ಚಿತ್ರವಾಗಿ ಬರೆದು ಸಾಲಿನೊಳಗೆ ಅಂಟಿಸಿದ್ದರು. ಪರಿವರ್ತನೆಯ ನಂತರ ಪರದೆಯ ಮೇಲೆ ‘ಕೆ’ ಮಾತ್ರ ನಿಂತು, ಅದರ ಪಕ್ಕ ಖಾಲಿ ಜಾಗ. ಕೆರೆಗಳ ಪುಸ್ತಕದಲ್ಲಿ ಕೆರೆಯ ಹೆಸರೇ ಹೀಗೆ ಅರ್ಧಕ್ಕೆ ನಿಂತಿದ್ದನ್ನು ಕಂಡು ನಾವು ನಕ್ಕಿದ್ದೂ ಉಂಟು. ಹಳಗನ್ನಡದ ಇನ್ನೊಂದು ಅಕ್ಷರವಾದ ರಳವೂ (‘ೞ’) ಅದೇ ಗತಿಯಲ್ಲಿತ್ತು. ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಇವನ್ನೆಲ್ಲ ನಾನು ಕೈಯಿಂದಲೇ ತುಂಬಿದೆ. ರಳಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘FA’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ; ಹೆಸರಿನಿಂದ ಹುಡುಕುವವರಿಗೆ ಅದು ಸುಲಭವಾಗಿ ಸಿಗುವುದಿಲ್ಲ.

ಆಗಸ್ಟ್ ಮತ್ತು ಸೆಪ್ಟೆಂಬರ್: ಯಾವ ತಂತ್ರಾಂಶ

ಪಠ್ಯ ಯೂನಿಕೋಡಿಗೆ ಬಂದ ಮೇಲೆ ನಿಜವಾದ ಚರ್ಚೆ ಶುರುವಾಯಿತು. ಹಿರಿಯರದು ಪೇಜ್‌ಮೇಕರಿನ ಪಕ್ಷ. ಅವರ ವಾದವನ್ನು ಹಳೆಯ ಕಾಲದ ಮೋಹವೆಂದು ತಳ್ಳಿಹಾಕುವಂತಿಲ್ಲ: ಎರಡು ಗಿಗಾಬೈಟ್ ಮೆಮೊರಿಯ ಯಂತ್ರದಲ್ಲಿಯೂ ಅದು ತಡವರಿಸುವುದಿಲ್ಲ, ಒತ್ತಕ್ಷರ ಒಡೆಯುವುದಿಲ್ಲ, ಕಣ್ಣಿಗೆ ಕಂಡದ್ದೇ ಮುದ್ರಣದ ಪ್ಲೇಟಿನಲ್ಲಿ ಬರುತ್ತದೆ, ಮತ್ತು ಅವರ ಬೆರಳುಗಳು ಅದನ್ನು ಓಡಿಸುವ ವೇಗಕ್ಕೆ ನಮ್ಮಲ್ಲಿ ಬೇರೆ ಯಾರೂ ಸಾಟಿಯಲ್ಲ. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಅದರಲ್ಲಿ ಜೋಡಿಸಬೇಕೆಂದರೆ ಪಠ್ಯವನ್ನು ಮತ್ತೆ ಹಳೆಯ ಸಂಕೇತಕ್ಕೆ ಇಳಿಸಬೇಕು. ಜುಲೈ ತಿಂಗಳ ಶ್ರಮವೆಲ್ಲ ನೀರಲ್ಲಿ ಹೋಮ.

ವಿನ್ಯಾಸಕಿಯದು ಇನ್‌ಡಿಸೈನ್ ಪಕ್ಷ. 2012ರ ಸಿಎಸ್6ರಿಂದ ಅದರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ವ್ಯವಸ್ಥೆಯಿದೆ. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳೂ ಸ್ವರಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ, ಆರಿಸಿಕೊಂಡರೆ ಸರಿಯಾಗಿ ಕೂಡಿಕೊಳ್ಳುತ್ತವೆ. ಇನ್‌ಡಿಸೈನಿನಲ್ಲಿ ಕನ್ನಡ ಒಡೆಯುತ್ತದೆ ಎಂಬ ದೂರುಗಳಲ್ಲಿ ಹಲವು ಈ ಒಂದು ಆಯ್ಕೆಯ ಹತ್ತಿರವೇ ಬಗೆಹರಿಯುತ್ತವೆ ಎಂಬುದು ಅವರ ಮಾತು. ತಂತ್ರಾಂಶ ಒಳ್ಳೆಯದೇ, ಆದರೆ ಚಂದಾ ಕಟ್ಟುವವರು ಅವರೊಬ್ಬರೇ. ಹತ್ತು ವರ್ಷದ ನಂತರ ಮತ್ತೊಂದು ಆವೃತ್ತಿ ತರಬೇಕಾದವರು ಆ ಕಡತವನ್ನು ತೆರೆಯಲು ಯಾರ ಬಳಿಗೆ ಹೋಗಬೇಕು ಎಂದು ತರುಣ ಕೇಳಿದ. ಸಿಡಿಯ ಪಾಡು ಕಣ್ಣೆದುರಿಗೇ ಇದ್ದುದರಿಂದ ಆ ಪ್ರಶ್ನೆಗೆ ತೂಕವಿತ್ತು.

ಅಫಿನಿಟಿ ಪಬ್ಲಿಷರಿನ ಮಾತೂ ಬಂತು. ಅದರ ಎರಡನೆಯ ಆವೃತ್ತಿಯಲ್ಲಿಯೂ ಭಾರತೀಯ ಲಿಪಿಗಳ ಒತ್ತಕ್ಷರಗಳು ಕೂಡಿಕೊಳ್ಳುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಚರ್ಚೆ ಅಲ್ಲಿಗೇ ಮುಗಿಯಿತು. ಸ್ಕ್ರೈಬಸ್‌ನ ಬಗ್ಗೆ ಮಾತ್ರ ಸಾಕಷ್ಟು ಹೊತ್ತು ಯೋಚಿಸಿದೆವು. ಮುಕ್ತ ತಂತ್ರಾಂಶ, ಪಿಡಿಎಫ್/ಎಕ್ಸ್ ಬಗೆಯ ಮುದ್ರಣ ಕಡತಗಳನ್ನು ತಾನೇ ಕೊಡುತ್ತದೆ, ಹಾರ್ಫ್‌ಬಜ್ ಜೋಡಣಾ ಯಂತ್ರವನ್ನು ಒಳಗೊಂಡ ಮೇಲೆ ಕನ್ನಡವೂ ಸರಿಯಾಗಿ ಬರುತ್ತದೆ. ಆ ಸೌಲಭ್ಯವಿರುವ 1.6 ಸ್ಥಿರ ಆವೃತ್ತಿ 2024ರ ಜನವರಿಯಲ್ಲಿ ಬಂದಿದೆ. ಅದರ ಕೊರತೆ ಕಂಡದ್ದು ಸಾಲು ಒಡೆಯುವ ರೀತಿಯಲ್ಲಿ. ಕನ್ನಡದಲ್ಲಿ ‘ನಿರ್ಮಿಸಲ್ಪಟ್ಟಿರಬಹುದೆಂದು’ ಎಂಬಂಥ ಉದ್ದನೆಯ ಪದಗಳು ಬೇಕಾದಷ್ಟಿವೆ. ಎರಡೂ ಅಂಚು ಸಮ ಮಾಡಿದಾಗ ಇಂಥ ಪದ ಮುಂದಿನ ಸಾಲಿಗೆ ಜಾರಿದರೆ, ಹಿಂದಿನ ಸಾಲಿನಲ್ಲಿ ಉಳಿದ ನಾಲ್ಕು ಪದಗಳ ನಡುವೆ ಕಾಲುವೆಯಷ್ಟು ಅಗಲದ ಜಾಗ ಬೀಳುತ್ತದೆ. ಸ್ಕ್ರೈಬಸ್ ಒಂದೊಂದೇ ಸಾಲನ್ನು ನೋಡಿ ಒಡೆಯುತ್ತದೆ. ಇನ್‌ಡಿಸೈನೂ, ಸಾದಾ ಪಠ್ಯದಲ್ಲಿ ಬರೆದ ಆಜ್ಞೆಗಳಿಂದ ಪುಟ ಜೋಡಿಸುವ ಮುಕ್ತ ತಂತ್ರಾಂಶವಾದ ಟೆಕ್ಕೂ ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿನೋಡುತ್ತವೆ. ಟೆಕ್‌ನಲ್ಲಿರುವುದು ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ.

ಕೊನೆಗೆ ತರುಣನ ಪಕ್ಷವಾದ ಝೀಟೆಕ್ (ಯೂನಿಕೋಡ್ ತಿಳಿದ ಟೆಕ್) ಗೆದ್ದಿತು. ಗೆದ್ದದ್ದು ಅವನ ವಾದದ ಜೋರಿನಿಂದಲ್ಲ, ಪುಸ್ತಕದ ಹಿಂಭಾಗದಲ್ಲಿರುವ ಊರು ಮತ್ತು ಕೆರೆಗಳ ಪದಸೂಚಿಯಿಂದ. ಹಳೆಯ ಆವೃತ್ತಿಯಲ್ಲಿ ಮೇಷ್ಟ್ರು ಚೀಟಿಗಳನ್ನು ಕೈಯಿಂದ ಜೋಡಿಸಿ ತಯಾರಿಸಿದ್ದ ಸೂಚಿ ಇದು. ಪುಟಗಳು ಸರಿದಾಗಲೆಲ್ಲ ಸಂಖ್ಯೆಗಳು ತಾವಾಗಿಯೇ ಬದಲಾಗಬೇಕು, ಪಠ್ಯ ಮಾತ್ರ ಯಾರಾದರೂ ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಸಾದಾ ಕಡತವಾಗಿ ಉಳಿಯಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಕನ್ನಡ ಪದಗಳನ್ನು ಎಲ್ಲಿ ಒಡೆಯಬಹುದೆಂಬ ನಿಯಮಗಳ ಪಟ್ಟಿಯೂ ಟೆಕ್ ಜೊತೆಗೇ ಬರುತ್ತದೆ. ಅಕಾರಾದಿಯನ್ನು ಬರಿಯ ಸಂಕೇತಸಂಖ್ಯೆಯ ಪ್ರಕಾರ ಬಿಟ್ಟರೆ ‘ೞ’ ಸ್ವರಚಿಹ್ನೆಗಳನ್ನೂ ದಾಟಿ ಕೊನೆಗೆ ಹೋಗುವುದರಿಂದ ಅದನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾಯಿತು. ಇನ್ನೊಂದು ಲಾಭವನ್ನು ನಾನು ಮೊದಲು ಗಮನಿಸಿರಲಿಲ್ಲ: ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದರೆ ಒತ್ತುಗಳು ಸ್ಥಾನ ತಪ್ಪಿ ಬರುವುದು ಎಲ್ಲರ ಅನುಭವ, ಝೀಟೆಕ್‌ನಲ್ಲಿ ಒಂದು ಆಜ್ಞೆ ಸೇರಿಸಿದರೆ ಪ್ರತಿ ಪದದ ಹಿಂದೆ ಅದರ ಮೂಲ ಯೂನಿಕೋಡ್ ಪಾಠವೂ ಪಿಡಿಎಫ್‌ನೊಳಗೆ ಸೇರುತ್ತದೆ. ನಮ್ಮ ಮಾದರಿ ಪುಟದಲ್ಲಿ ‘ಕೆಱೆ’ ಎಂದು ಹುಡುಕಿದರೆ ಸಿಗುತ್ತದೆ.

ಮುಖಪುಟ ಮತ್ತು ಚಿತ್ರಪುಟಗಳು ವಿನ್ಯಾಸಕಿಯ ಕೈಯಲ್ಲಿ, ಇನ್‌ಡಿಸೈನಿನಲ್ಲಿಯೇ ಆಗುತ್ತಿವೆ. ಹಿರಿಯರು ಟೆಕ್ ಕಲಿಯುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಕಾಗದದ ಮೇಲೆ ಬಂದ ಪುಟವನ್ನು ನೋಡಿ ತಪ್ಪು ಹಿಡಿಯುವುದರಲ್ಲಿ ಮಾತ್ರ ಅವರನ್ನು ಮೀರಿಸುವ ತಂತ್ರಾಂಶ ನನಗೆ ತಿಳಿದಿಲ್ಲ.

ಅಕ್ಟೋಬರ್: ನಕ್ಷೆಗಳು ಮತ್ತು ಯಂತ್ರ

ಹೊಸ ಮ್ಯಾಕ್ ಕೊಳ್ಳಬೇಕೇ ಎಂಬ ಚರ್ಚೆ ಈ ತಿಂಗಳು ಮುಗಿಯಿತು. ಅಕ್ಷರ ಜೋಡಣೆಗೆ ಎಂಟು ಗಿಗಾಬೈಟ್ ಮೆಮೊರಿಯ ಸಾಮಾನ್ಯ ಯಂತ್ರ ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಇಡೀ ಪುಸ್ತಕ ಬೇಗನೆ ಸಿದ್ಧವಾಗುತ್ತದೆ. ಯಂತ್ರ ಏದುಸಿರು ಬಿಟ್ಟದ್ದು ಮೇಷ್ಟ್ರು ಕೈಯಿಂದ ಬರೆದ ಕೆರೆ ಸರಣಿಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿದಾಗ. ರೇಖಾಚಿತ್ರಕ್ಕೆ 1200 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕೆ) ಬೇಕು. ಎ3 ಹಾಳೆಯೊಂದು ಆ ಸಾಂದ್ರತೆಯಲ್ಲಿ ಸುಮಾರು 28 ಕೋಟಿ ಪಿಕ್ಸೆಲ್ ಆಗುತ್ತದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ನಕ್ಷೆಗೇ 800 ಮೆಗಾಬೈಟ್‌ಗಿಂತ ಹೆಚ್ಚು ಜಾಗ ಬೇಕು, ಬರಿಯ ಕಪ್ಪು-ಬಿಳುಪಿನಲ್ಲಿ ಸುಮಾರು 35 ಸಾಕು. ಮುದ್ರಣ ಹೇಗೂ ಒಂದೇ ಬಣ್ಣದ್ದು. ಹೀಗಾಗಿ ಮ್ಯಾಕ್‌ಗೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದು ಪಾಲು 600 ಡಿಪಿಐ ಲೇಸರ್ ಪ್ರಿಂಟರಿಗೆ ಹೋಯಿತು. ಇಂಕ್‌ಜೆಟ್ ಕರಡಿನಲ್ಲಿ ಶಾಯಿ ಹರಡಿ ಸಣ್ಣ ಒತ್ತುಗಳು ಮುಚ್ಚಿಹೋಗುವುದರಿಂದ, ಕರಡು ತಿದ್ದುವವನ ದೃಷ್ಟಿಯಲ್ಲಿ ಇದೇ ಸರಿಯಾದ ಖರ್ಚು.

ನವೆಂಬರ್: ಮೊದಲ ಪೂರ್ಣ ಕರಡು

ಡೆಮಿ 1/8 ಆಕಾರ, ನೋಟೋ ಸೆರಿಫ್ ಕನ್ನಡ, ಹನ್ನೊಂದೂವರೆ ಪಾಯಿಂಟ್ ಅಕ್ಷರಕ್ಕೆ ಹದಿನಾರು ಪಾಯಿಂಟ್ ಸಾಲಂತರ ಎಂದು ಮೊದಲು ಇಟ್ಟಿದ್ದೆವು. ‘ಶಾಸ್ತ್ರ’, ‘ರಾಷ್ಟ್ರಕೂಟ’ ಎಂಬಲ್ಲಿ ಎರಡು ಒತ್ತುಗಳು ಕೆಳಕ್ಕೆ ಇಳಿದು, ಕೆಳಸಾಲಿನ ‘ಕೀ’, ‘ಧಿ’ಗಳ ಗುಡಿಸಿಗೆ ತಗಲುವಷ್ಟು ಹತ್ತಿರ ಬರುತ್ತಿರುವುದನ್ನು ಹಿರಿಯರು ತೋರಿಸಿದರು. ಹದಿನೇಳಕ್ಕೆ ಏರಿಸಿದ ಮೇಲೆ ಪುಟ ಉಸಿರಾಡಿತು, ಆದರೆ ಒಟ್ಟು ಪುಟಗಳು 214 ಆದವು. ಹದಿನಾರು ಪುಟಕ್ಕೆ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಲೆಕ್ಕದಲ್ಲಿ ಹದಿಮೂರು ಫಾರಂಗೆ 208 ಪುಟ. ಉಳಿಯುವ ಆರು ಪುಟಗಳಿಗಾಗಿ ಇನ್ನೊಂದು ಫಾರಂ ಓಡಿಸುವುದು ದುಂದು. ಸಾಲಂತರವನ್ನು ಮತ್ತೆ ಇಳಿಸಲು ಹಿರಿಯರು ಒಪ್ಪುತ್ತಿಲ್ಲ, ಅಂಚು ಕಡಿಮೆ ಮಾಡಲು ವಿನ್ಯಾಸಕಿ ಒಪ್ಪುತ್ತಿಲ್ಲ. ಅನುಬಂಧದಲ್ಲಿರುವ ಕೆರೆಗಳ ಅಚ್ಚುಕಟ್ಟು ಪ್ರದೇಶದ ಕೋಷ್ಟಕವನ್ನು ಎರಡು ಕಾಲಂ ಮಾಡಿ, ಪದಸೂಚಿಯನ್ನು ಒಂಬತ್ತೂವರೆ ಪಾಯಿಂಟಿಗೆ ತಂದರೆ ಎಷ್ಟು ಪುಟ ಉಳಿಯಬಹುದೆಂದು ತರುಣ ಈ ವಾರ ನೋಡುತ್ತಿದ್ದಾನೆ. ಮುದ್ರಣಾಲಯದವರಿಗೆ ಕಾಗದದ ಲೆಕ್ಕ ಕೊಡುವುದನ್ನು ಅಲ್ಲಿಯವರೆಗೆ ತಡೆಹಿಡಿದಿದ್ದೇವೆ.