ಅವ್ವನ ಉಸಿರಿನ ಚೆಕಪ್ಪು

20 ನವೆಂಬರ್ 2024, ಬುಧವಾರ
ಮೈಸೂರು

ಇವತ್ತು ಅವ್ವನ್ನ ಎದೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಬಂದೆ, ವರ್ಷದ ಚೆಕಪ್ಪು. ಹುಷಾರಿಲ್ಲ ಅಂತಲ್ಲ, ಹುಷಾರಾಗಿರೋವಾಗ್ಲೇ ತೋರಿಸ್ಬೇಕು ಅಂತ ಹೋಗಿದ್ದು, ಇದನ್ನ ಅವ್ಳಿಗೆ ಒಪ್ಸೋದೇ ದೊಡ್ಡ ಕೆಲ್ಸ. ಮಂಡ್ಯದಿಂದ ಬಂದು ರೈಲು ಇಳೀತಿದ್ದಂಗೇ "ಚೆಂದಾಗೇ ಇವ್ನಿ ಕನಮ್ಮಿ, ಸುಮ್ಕೆ ದುಡ್ಡ್ಯಾಕ್ ಸುರೀತೀಯ" ಅಂತ ಶುರು ಮಾಡಿದ್ಲು. ಅವ್ಳ ತಲೇಲಿ ಇನ್ನೊಂದಿದೆ, ಎದೆ ಡಾಕ್ಟ್ರು ಅಂದ್ರೆ ಕ್ಷಯ. ಕೆಆರ್‌ಎಸ್ ರೋಡಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಿನ ಸ್ಯಾನಟೋರಿಯಂ, ಅಂದ್ರೆ ಕ್ಷಯದ ಆಸ್ಪತ್ರೆ ಇದ್ಯಲ್ಲ, ಅವ್ಳ ವಯಸ್ಸಿನೋರಿಗೆ ಅಲ್ಲಿಗೆ ಹೋದ್ರು ಅನ್ನೋದು ಪಿಸುಮಾತಲ್ಲಿ ಆಡೋ ಸುದ್ದಿ.

ಅವ್ವಂಗಿರೋದು ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಗೆ ಬಿಡೋಕೆ ಕಷ್ಟ ಆಗೋ, ವರ್ಷಾನುಗಟ್ಲೆ ಇರೋ ಕಾಯಿಲೆ. ಜೀವಮಾನದಲ್ಲಿ ಬೀಡಿ ಮುಟ್ಟಿದೋಳಲ್ಲ. ಮದುವೆಯಾಗಿ ಬಂದಾಗಿಂದ ಹೊಗೆ ಹೋಗೋಕೆ ಜಾಗ ಇಲ್ದಿರೋ ಅಡುಗೆಮನೇಲಿ ಸೌದೆ ಒಲೆ ಊದಿದ್ದು, ಆಮೇಲೆ ಆಲೆಮನೆ ಸೀಸನ್ನಲ್ಲಿ ಅದರ ಹೊಗೆ, ಗದ್ದೇಲಿ ಕಬ್ಬಿನ ತರಗು ಸುಟ್ಟಾಗ ಅದರ ಹೊಗೆ. ಸಿಗರೇಟು ಸೇದ್ದೇ ಇರೋ ಹೆಂಗಸ್ರಿಗೆ ಈ ಕಾಯಿಲೆ ನಮ್ ಕಡೆ ಹಿಂಗೇ ಬರೋದು, ಆದ್ರೆ "ಸೇದೋರ ಕಾಯಿಲೆ ಅದು" ಅಂದ್ಕೊಂಡು ಎಷ್ಟೋ ಮನೇಲಿ ಗೂರ್ಲು ಅಂತ ಕಷಾಯ ಕುಡಿಸಿ ಸುಮ್ನಾಗ್ತಾರೆ.

ಸ್ಪೈರೋಮೆಟ್ರಿ ಮೊದ್ಲು, ಅಂದ್ರೆ ಮಿಷನ್ನಿಗೆ ಊದಿ ಉಸಿರು ಅಳೆಯೋ ಟೆಸ್ಟು. ಬರೋಕ್ ಮುಂಚೆ ನೀಲಿ ಇನ್ಹೇಲರ್ (ಏದುಸಿರು ಬಂದಾಗ ತಕ್ಷಣಕ್ಕೆ ಎಳ್ಕೊಳ್ಳೋದು) ತಗೋಬೇಡಿ, ಹೊಟ್ಟೆ ತುಂಬಾ ತಿನ್ಬೇಡಿ ಅಂತ ಮೊದ್ಲೇ ಫೋನಲ್ಲಿ ಹೇಳಿದ್ರು. ಮೂಗಿಗೆ ಕ್ಲಿಪ್ ಹಾಕಿ, ಉಸಿರು ಪೂರ್ತಿ ಎಳ್ಕೊಂಡು ಒಂದೇ ಸಮ ಊದ್ಬೇಕು, ಟೆಕ್ನಿಷಿಯನ್ ಹುಡ್ಗಿ "ಊದಿ ಊದಿ ಅಮ್ಮ, ಬಿಡ್ಬೇಡಿ, ಇನ್ನೂ ಇನ್ನೂ" ಅಂತ ಕೂಗ್ತಾ ಇದ್ರೆ ಹೊರಗೆ ಕೂತಿದ್ದೋರೂ ಉಸಿರು ಬಿಗಿ ಹಿಡ್ಕೊಂಡಿದ್ರು. ಆಮೇಲೆ ಶ್ವಾಸನಾಳ ಬಿಚ್ಚೋ ಸಾಲ್ಬುಟಮಾಲ್ ಸ್ಪ್ರೇ ಕೊಟ್ಟು 15 ನಿಮಿಷ ಕೂರ್ಸಿ ಮತ್ತೆ ಊದ್ಸಿದ್ರು. ಔಷಧಿ ಆದ್ಮೇಲೂ, ಮೊದಲ ಸೆಕೆಂಡಲ್ಲಿ ಹೊರಗೆ ಬರೋ ಗಾಳಿ ಊದಿದ ಒಟ್ಟು ಗಾಳಿಯ 70 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಸಿಒಪಿಡಿ ಅಂತ ನೋಡ್ತಾರೆ. ಅವ್ವಂದು 58. ಮೊದಲ ಸೆಕೆಂಡಿನ ಗಾಳಿ ಹೋದ್ವರ್ಷ 1.32 ಲೀಟರ್ ಇದ್ದಿದ್ದು ಈಗ 1.24. ಇಷ್ಟು ವ್ಯತ್ಯಾಸ ಊದೋದ್ರಲ್ಲೂ ಬರುತ್ತೆ, ಒಂದ್ ಸಲದ ನಂಬರ್ ನೋಡಿ ಗಾಬರಿ ಬೇಡ, ವರ್ಷ ವರ್ಷ ಮಾಡಿಸ್ತಾ ಬಂದ್ರೆ ಇಳಿತಾ ಇದ್ಯೋ ಇಲ್ವೋ ಗೊತ್ತಾಗುತ್ತೆ ಅಂದ್ರು ಡಾಕ್ಟ್ರು. ಪೊರಕೆ ಹಿಡಿದಂಗೆ ಹಳೇ ರಿಪೋರ್ಟ್‌ಗಳನ್ನೆಲ್ಲ ಸುತ್ತಿ ಹಿಡ್ಕೊಂಡು ಹೋಗಿದ್ದು ಅದಕ್ಕೇ ಉಪಯೋಗಕ್ಕೆ ಬಂತು.

ಆದ್ರೆ ನಂಗೆ ಕಣ್ಣಿಗೆ ಕಟ್ಟಿದಂಗೆ ಉಳಿದಿದ್ದು ಡಾಕ್ಟ್ರು ಕೇಳಿದ ಪ್ರಶ್ನೆಗಳು. ಹೆಂಗಿದೀರಾ ಅಂದ್ರೆ ಅವ್ವ "ಸೆಂದಾಗಿವ್ನಿ ಸಾ" ಅಂದ್ಲು. ಅವ್ರು ಅಲ್ಲಿಗೇ ಬಿಡ್ಲಿಲ್ಲ. ಸಂತೆಗೆ ಹೋಗ್ತೀರಾ ಅಮ್ಮ? ಇಲ್ಲ, ಮಗ ತಂದ್ಕೊಡ್ತಾನೆ. ಮಾಳಿಗೆ ಹತ್ತುತೀರಾ? ಯಾಕ್ ಹತ್ಲಿ, ಅಲ್ಲೇನೈತೆ. ಸ್ನಾನ? ಸ್ಟೂಲ್ ಮೇಲೆ ಕೂತ್ಕೊತೀನಿ, ಸೊಸೆ ಬೆನ್ನಿಗೆ ನೀರ್ ಹಾಕ್ತಾಳೆ, ಕೈ ಮೇಲೆತ್ತಿದ್ರೆ ಮೇಲುಸ್ರು ಬತ್ತದೆ. ಹೋದ್ವರ್ಷ ದಸರಾ ಟೈಮಲ್ಲಿ ಅವ್ಳೇ ಬಟ್ಟೆ ಒಗೀತಿದ್ಲು. ಚೆಂದಾಗಿವ್ನಿ ಅಂತ ಅವ್ಳು ಹೇಳಿದ್ದು ಸುಳ್ಳಲ್ಲ, ಉಸಿರು ಕಟ್ಟೋ ಕೆಲಸಾನೆಲ್ಲ ಒಂದೊಂದಾಗಿ ಬಿಟ್ಕೊಂಡು ಬಂದ್ಬಿಟ್ಟವ್ಳೆ, ಮಾಡ್ದೇ ಇರೋ ಕೆಲಸಕ್ಕೆ ಏದುಸಿರು ಎಲ್ಲಿಂದ ಬರುತ್ತೆ. ಮನೇಲಿರೋರಿಗೂ "ವಯಸ್ಸಾಯ್ತು" ಅಂತ ಕಾಣುತ್ತೆ ಅಷ್ಟೇ. ದಯವಿಟ್ಟು ನಿಮ್ಮನೇಲೂ ದಮ್ಮಿರೋರು ಯಾರಾದ್ರೂ ಇದ್ರೆ ಹೆಂಗಿದೀಯ ಅಂತ ಕೇಳೋದ್ರ ಜೊತೆಗೆ ಏನೇನು ಬಿಟ್ಟಿದೀಯ ಅಂತಾನೂ ಕೇಳಿ.

ಆಮೇಲೆ ಇನ್ಹೇಲರ್ ಎಳೆದು ತೋರ್ಸಿ ಅಂದ್ರು. ಅವ್ವಂದು ಕ್ಯಾಪ್ಸೂಲ್ ಹಾಕೋದು, ಅದನ್ನ ಜೋರಾಗಿ ಎಳೀಬೇಕು, ಇಲ್ಲಾಂದ್ರೆ ಪುಡಿ ಒಳಗೆ ಹೋಗಲ್ಲ. ಅವ್ಳು ಎಳೆದ್ಮೇಲೆ ಕ್ಯಾಪ್ಸೂಲ್ ಬಿಚ್ಚಿ ನೋಡಿದ್ರೆ ಪುಡಿ ಹಂಗೇ ಇದೆ. ಅಷ್ಟು ಜೋರು ಅವ್ಳಿಗೀಗ ಇಲ್ಲ. ಅದಕ್ಕೆ ಸ್ಪ್ರೇ ಮತ್ತೆ ಸ್ಪೇಸರ್ (ಸ್ಪ್ರೇಗೆ ಸಿಕ್ಕಿಸೋ ಕೊಳವೆ ಥರದ ಡಬ್ಬಿ) ಬರ್ಕೊಟ್ರು, ಇದಕ್ಕೆ ಉಲ್ಟಾ, ನಿಧಾನಕ್ಕೆ ಎಳೆದು ಹತ್ತು ಎಣಿಸೋವರ್ಗೂ ಉಸಿರು ಹಿಡೀಬೇಕು, ಇದ್ರಲ್ಲಿ ಸ್ಟೀರಾಯ್ಡ್ ಇರೋದ್ರಿಂದ ಆಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು. ಔಷಧಿ ಜಾಸ್ತಿ ಮಾಡೋಕ್ ಮುಂಚೆ ಇರೋದು ಒಳಗೆ ಹೋಗ್ತಿದ್ಯಾ ನೋಡ್ಬೇಕಲ್ವಾ. ನಿಮ್ ಡಾಕ್ಟ್ರು ಕೇಳ್ದಿದ್ರೆ ನೀವೇ ಇನ್ಹೇಲರ್ ತಗೊಂಡ್ಹೋಗಿ ಅವ್ರ ಮುಂದೆ ಎಳೆದು ತೋರ್ಸಿ.

ಪಕ್ಕದ್ಮನೆ ಹುಡುಗನಿಗೆ ಆಸ್ತಮಾ, ಅವ್ನಿಗೂ ಇದೇ ಹೇಳ್ತಿರ್ತೀನಿ. ಆಸ್ತಮಾ ಬಂದು ಹೋಗಿ ಮಾಡೋದ್ರಿಂದ ಟೆಸ್ಟ್ ದಿನ ಎಲ್ಲಾ ನಾರ್ಮಲ್ ಬರ್ಬೋದು, ಆದ್ರೆ ನೀಲಿ ಇನ್ಹೇಲರ್ ವಾರದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೇಕಾಗ್ತಿದ್ರೆ, ರಾತ್ರಿ ಕೆಮ್ಮಿ ಎದ್ದೇಳ್ತಿದ್ರೆ, ಕಂಟ್ರೋಲಲ್ಲಿಲ್ಲ ಅಂತಾನೇ ಅರ್ಥ. ಜೋರಾಗಿ ಬಂದು ಆಸ್ಪತ್ರೆಗೆ ಹೋಗೋಂಗಾದ್ರೆ ವಾಸಿಯಾಯ್ತು ಅಂತ ಬಿಡ್ದೆ ವಾರದೊಳಗೆ ಮತ್ತೆ ತೋರಿಸ್ಬೇಕು.

ಕೊನೆಗೆ ಫ್ಲೂ ಇಂಜೆಕ್ಷನ್ ಹಾಕಿದ್ರು, ಅದು ವರ್ಷಕ್ಕೊಂದ್ಸಲ. ನ್ಯುಮೋನಿಯಾದು ಮುಂದಿನ ಸಲ. ಏಳೋ ಹೊತ್ತಿಗೆ ಡಾಕ್ಟ್ರು "ಮನೇಲಿ ನೀರು ಕಾಯ್ಸೋದು ಯಾವುದ್ರಲ್ಲಿ?" ಅಂದ್ರು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು, ಆದ್ರೆ ನೀರು ಇನ್ನೂ ಹಂಡೆ ಒಲೇಲೇ, ತೆಂಗಿನ ಮಟ್ಟೆ, ಗರಿ ತುರುಕಿ, ಬೆಳಿಗ್ಗೆ ಎದ್ದು ಉರಿ ಹಾಕೋಳು ಅವ್ವಾನೇ. ಸಂಜೆ ಅಣ್ಣಂಗೆ ಫೋನ್ ಮಾಡ್ದೆ. ಕರೆಂಟ್ ವೋಲ್ಟೇಜ್ ಸಾಲಲ್ಲ, ಗೀಸರ್ ಎಳೆಯಲ್ಲ ಅಂದ, ಸೋಲಾರ್ ಹಾಕ್ಸು, ಅರ್ಧ ದುಡ್ಡು ನಾನು ಹಾಕ್ತೀನಿ ಅಂದೆ. ಭಾನುವಾರ ಮಂಡ್ಯಕ್ಕೆ ಹೋಗಿ ಅಂಗಡೀಲಿ ವಿಚಾರಿಸ್ತಾನಂತೆ, ಅಲ್ಲೀವರ್ಗೂ ಒಲೆ ಅತ್ತಿಗೆ ಹಚ್ತಾರೆ, ಅವ್ವ ನನ್ ಹತ್ರಾನೇ ಇರ್ತಾಳೆ.